ಕೀರ್ತನೆಗೂ ಮಾರ್ಕ್ಸ್ ಕಾರ್ಡ್

ಅಮೆರಿಕದಲ್ಲಿ ಚರ್ಚಿನ ಹೊಸ ಹಾಡುಗಳಿಗೆ ಮಾರ್ಕ್ಸ್ ಕೊಡುವವರು ಹುಟ್ಟಿಕೊಂಡಿದ್ದಾರೆ. ಬೈಬಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಿದ್ದುತ್ತಾರೆ. ಹತ್ತಕ್ಕೆ ಏಳು, ಹತ್ತಕ್ಕೆ ಮೂರು. ಯೇಸುವಿನ ಹೆಸರು ಬರಲಿಲ್ವಾ, ಒಂದು ಕಟ್. 'ನಾನು, ನನ್ನ' ಜಾಸ್ತಿಯಾಯಿತಾ, ಇನ್ನೊಂದು. ಒಂದೇ ಸಾಲನ್ನು ಹತ್ತು ಸಲ ಹಾಡಿದರೆ ಮುಗಿದೇ ಹೋಯಿತು, ಮುಂದಿನ ವರ್ಷ ಬನ್ನಿ.

ಭೇಷ್. ನಮ್ಮ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವವರೂ ಇಷ್ಟು ಕಟ್ಟುನಿಟ್ಟಲ್ಲ.

ಆದರೆ ಇದೇ ಕೆಂಪು ಪೆನ್ನು ಹಿಡಿದು ಬೈಬಲಿನದೇ ಹಾಡುಗಳಾದ ಕೀರ್ತನೆಗಳನ್ನು ತಿದ್ದಿದರೆ? 136ನೇ ಕೀರ್ತನೆಯಲ್ಲಿ 26 ವಚನ, 26ರಲ್ಲೂ ಆತನ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ನಪಾಸು. 44ರಲ್ಲಿ ಕವಿ 'ಎದ್ದೇಳು, ಯಾಕೆ ಮಲಗಿದ್ದೀ' ಅಂತ ದೇವರನ್ನೇ ಗದರುತ್ತಾನೆ. ಅಯ್ಯೋ, 121ರಲ್ಲಿ ಆತ ತೂಕಡಿಸುವುದೂ ಇಲ್ಲ ಅಂತಿದೆಯಲ್ಲ! ಸಿದ್ಧಾಂತ ದೋಷ. 88 ಅಂತೂ ಗೋಳಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯ ಕೂಡ ಇಲ್ಲ. ಕೃಪಾಂಕ ಕೊಟ್ಟರೂ ಪಾಸಾಗಲ್ಲ.

ಪುಣ್ಯಕ್ಕೆ ನಮ್ಮ ದಾಸರು ಇವರ ಕೈಗೆ ಸಿಗಲಿಲ್ಲ. ನಿಂದಾಸ್ತುತಿ ಅಂತ ಹೇಳಿಕೊಂಡು ದೇವರನ್ನು ಹಂಗಿಸಿ, ಮೂದಲಿಸಿ, ಲೆಕ್ಕ ಕೇಳಿ, ಕೊನೆಗೆ ಅಂಕಿತ ಬೇರೆ ಹಾಕಿದ ಮಹಾನುಭಾವರು ಅವರು. ಜಗಳ ಆಡೋಕೂ ಸಲುಗೆ ಬೇಕು ಸ್ವಾಮಿ. ಬೈಬಲಿನ 150 ಕೀರ್ತನೆಗಳಲ್ಲೂ ಮೂರನೇ ಒಂದು ಪಾಲಿನಷ್ಟು ಇಂಥ ಗೋಳೇ. ಹೊಸ ಹಾಡುಗಳಲ್ಲಿ ಗೋಳು ಬಂದರೂ ಎರಡು ಸಾಲು ಅಷ್ಟೇ, ಆಮೇಲೆ ಡ್ರಮ್ಸ್ ಏರಿ, ವೇದಿಕೆ ತುಂಬ ಹೊಗೆ ಎದ್ದು, ನಾಲ್ಕು ನಿಮಿಷದೊಳಗೆ ಎಲ್ಲರ ಕಷ್ಟವೂ ಪರಿಹಾರ. ಇದಕ್ಕೆ ಮಾತ್ರ ಮಾರ್ಕ್ಸ್ ಕಟ್ ಆಗುವುದು ಅಪರೂಪ.

ಚರ್ಚಿನ ಪರದೆಯ ಮೇಲೆ ಹಾಡಿನ ಸಾಹಿತ್ಯದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಚರ್ಚಿನ ಹಾಡುಗಳ ಹಕ್ಕು ನೋಡಿಕೊಳ್ಳುವ ಸಿಸಿಎಲ್‌ಐ ಸಂಸ್ಥೆಯ ಲೈಸೆನ್ಸ್ ನಂಬರ್ ಇರುತ್ತದೆ, ನೋಡಿದ್ದೀರಾ? ಚರ್ಚು ಹಾಡಿದ ಹಾಡಿನ ಲೆಕ್ಕ ಆ ಸಂಸ್ಥೆಗೆ ಹೋಗುತ್ತದೆ, ಹಾಡಿನ ಒಡೆಯರಿಗೆ ರಾಯಲ್ಟಿ ಬರುತ್ತದೆ. 2010ರಿಂದ 2020ರವರೆಗೆ ಚರ್ಚುಗಳಲ್ಲಿ ಅತಿ ಹೆಚ್ಚು ಹಾಡಿದ 38 ಹೊಸ ಹಾಡುಗಳನ್ನು ಸಂಶೋಧಕರು ನೋಡಿದರೆ, 36ಕ್ಕೆ ನಾಲ್ಕೇ ದೊಡ್ಡ ಚರ್ಚುಗಳ ನಂಟು. ಪ್ರಶ್ನೆಪತ್ರಿಕೆ ತೆಗೆಯುವವರು ನಾಲ್ಕೇ ಮನೆಯವರು!

ಮತ್ತೆ ಬೈಬಲಿನಲ್ಲೇ ಪ್ರವಾದಿ ಆಮೋಸನ ಪುಸ್ತಕ, 5ನೇ ಅಧ್ಯಾಯ. ನಿಮ್ಮ ಹಾಡಿನ ಗದ್ದಲ ಆಚೆ ಒಯ್ಯಿರಿ, ನ್ಯಾಯ ಹೊಳೆಯಂತೆ ಹರಿಯಲಿ ಅಂತ ದೇವರೇ ಹೇಳುತ್ತಾನೆ. ಯಾವ ಸಾಲು ತಪ್ಪು ಅಂತ ಕೇಳುವುದೇ ಇಲ್ಲ.

ಇನ್ನು ತಮಾಷೆ ಮಾಡೋಕೆ ಮನಸ್ಸಿಲ್ಲ. 2022ರಲ್ಲಿ ಅಮೆರಿಕದ ದೊಡ್ಡ ಚರ್ಚ್ ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಬಗ್ಗೆ ತನಿಖಾ ವರದಿ ಬಂತು. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ 700ಕ್ಕೂ ಹೆಚ್ಚು ಮಂದಿಯ ಪಟ್ಟಿ ಅವರ ಕಚೇರಿಯಲ್ಲೇ ಇತ್ತು, ಅಲ್ಲಿಯವರೆಗೆ ಹೊರಗೆ ಬಿಟ್ಟಿರಲಿಲ್ಲ. ಹಾಡು ತಿದ್ದುವವರೆಲ್ಲ ಇದಕ್ಕೆ ಹೊಣೆ ಅಂತ ನಾನು ಹೇಳುತ್ತಿಲ್ಲ. ಆದರೆ ನೊಂದವರು ವರ್ಷಗಟ್ಟಲೆ ಕಾಗದ ಬರೆದರು, ಇಮೇಲ್ ಕಳಿಸಿದರು, ಫೋನ್ ಮಾಡಿದರು. ಅವರು ಬರೆದಿದ್ದನ್ನು ಸಾಲು ಸಾಲಾಗಿ ಓದೋಕೆ ಅಲ್ಲಿದ್ದ ದೊಡ್ಡವರಿಗೆ ಪುರಸೊತ್ತೇ ಆಗಲಿಲ್ಲ.