ಯೀಲ್ಡ್ ಕರ್ವ್‌ನ ಆಕಾರಕ್ಕೆ ನಾಳಿನ ಬಡ್ಡಿಯ ನಿರೀಕ್ಷೆಯೇ ಕಾರಣವೇ?

ಪರ

ಸಾಲಪತ್ರ ಕೊಂಡವರಿಗೆ ವರ್ಷಕ್ಕೆ ಸಿಗುವ ಪ್ರತಿಫಲವೇ ಯೀಲ್ಡ್; ಬೇರೆ ಬೇರೆ ಅವಧಿಯ ಪತ್ರಗಳ ಯೀಲ್ಡ್ ಜೋಡಿಸಿ ಎಳೆದ ಗೆರೆ ಯೀಲ್ಡ್ ಕರ್ವ್. ಒಂದು ವರ್ಷದ ಸರ್ಕಾರಿ ಸಾಲಪತ್ರಕ್ಕೆ ಶೇ 6, ಎರಡು ವರ್ಷದ್ದಕ್ಕೆ ಶೇ 6.5 ಯೀಲ್ಡ್ ಇದೆ ಎಂದುಕೊಳ್ಳಿ. ಎರಡು ವರ್ಷದ ಪತ್ರ ಕೊಂಡರೂ, ಒಂದು ವರ್ಷದ್ದನ್ನು ಎರಡು ಸಲ ಕೊಂಡರೂ ಕೊನೆಗೆ ಕೈಗೆ ಬರುವುದು ಒಂದೇ ಆಗಬೇಕು. 1.065ರ ವರ್ಗವನ್ನು 1.06ರಿಂದ ಭಾಗಿಸಿದರೆ 1.07. ಮುಂದಿನ ವರ್ಷ ಒಂದು ವರ್ಷದ ಬಡ್ಡಿ ಶೇ 7 ಆದೀತೆಂಬುದು ಪೇಟೆಯ ಎಣಿಕೆ. ಶೇ 7.5 ಆಗುತ್ತದೆಂದು ನಂಬಿದವರು ಎರಡು ವರ್ಷದ ಪತ್ರ ಮಾರಿ ಒಂದು ವರ್ಷದ್ದು ಕೊಳ್ಳುತ್ತಾರೆ. ಮಾರಾಟ ಹೆಚ್ಚಿದಂತೆ ಎರಡು ವರ್ಷದ್ದರ ಬೆಲೆ ಇಳಿದು ಯೀಲ್ಡ್ ಏರುತ್ತದೆ, ಲೆಕ್ಕ ಹೊಸ ನಿರೀಕ್ಷೆಗೆ ಬಂದು ಕೂರುತ್ತದೆ.

ನಮ್ಮಲ್ಲೇ ಸಾಕ್ಷಿ ಇದೆ. 2013ರ ಜುಲೈನಲ್ಲಿ ರೂಪಾಯಿ ಕುಸಿಯುತ್ತಿದ್ದಾಗ ರಿಸರ್ವ್ ಬ್ಯಾಂಕ್ ಎಂಎಸ್‌ಎಫ್ ದರವನ್ನು (ಬ್ಯಾಂಕುಗಳಿಗೆ ತಾನು ತುರ್ತಾಗಿ ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ಶೇ 10.25ಕ್ಕೆ ಏರಿಸಿತು. ವರ್ಷದೊಳಗೆ ತೀರುವ ಸರ್ಕಾರಿ ಪತ್ರಗಳಾದ ಟ್ರೆಷರಿ ಬಿಲ್‌ಗಳ ಯೀಲ್ಡ್ ಹತ್ತು ವರ್ಷದ ಬಾಂಡನ್ನು ಮೀರಿ, ಕರ್ವ್ ತಲೆಕೆಳಗಾಯಿತು. ಈ ಬಿಗಿ ಬಹಳ ದಿನ ಇರದೆಂದು ಪೇಟೆ ಎಣಿಸಿತ್ತು. ಅಕ್ಟೋಬರ್ ಕೊನೆಗೆ ದರ ಶೇ 8.75ಕ್ಕೆ ಇಳಿದಿತ್ತು.

ದೀರ್ಘಾವಧಿಗೆ ಹಣ ಕಟ್ಟಿಹಾಕುವವರು ಸ್ವಲ್ಪ ಪ್ರೀಮಿಯಂ, ಅಂದರೆ ಹೆಚ್ಚುವರಿ ಪ್ರತಿಫಲ, ಕೇಳುತ್ತಾರೆಂದು ಅರ್ಥಶಾಸ್ತ್ರಜ್ಞ ಹಿಕ್ಸ್ 1939ರಲ್ಲೇ ಹೇಳಿದ್ದರು. ಅದನ್ನೂ ಸೇರಿಸಿಕೊಳ್ಳೋಣ, ಮೂಲ ವಾದಕ್ಕೆ ಅದರಿಂದ ದೊಡ್ಡ ಧಕ್ಕೆಯೇನಿಲ್ಲ.

ವಿರೋಧ

"ಸ್ವಲ್ಪ ಪ್ರೀಮಿಯಂ" ಅಂದರೆ ಎಷ್ಟು? ಮೇಲಿನ ಶೇ 7ರಲ್ಲಿ 0.4 ಪ್ರೀಮಿಯಂ ಇದ್ದರೆ ನಿರೀಕ್ಷೆ ಶೇ 6.6, ಒಂದು ಪೂರ್ತಿ ಇದ್ದರೆ ಬಡ್ಡಿ ಏರುವುದೇ ಇಲ್ಲ. ಮೊದಲೇ ಅಳತೆ ಹೇಳದ ಪ್ರೀಮಿಯಂ ಯಾವ ಆಕಾರಕ್ಕೂ ಹೊಂದುತ್ತದೆ.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಸಾಲ ನೋಡಿ. ಸುಗ್ಗಿಯಲ್ಲಿ ಭತ್ತ ಕೊಳ್ಳಲು ಸಿಸಿ (ದಾಸ್ತಾನಿನ ಮೇಲೆ ಸಿಗುವ ಕ್ಯಾಶ್ ಕ್ರೆಡಿಟ್ ಸಾಲ), ಬಾಯ್ಲರ್‌ಗೂ ಡ್ರೈಯರ್‌ಗೂ ಟರ್ಮ್ ಲೋನ್. ಟರ್ಮ್ ಲೋನ್ ಅರ್ಧ ಪರ್ಸೆಂಟ್ ಅಗ್ಗವಾಯಿತೆಂದು ಅದರಲ್ಲಿ ಭತ್ತ ಕೊಳ್ಳಲಾಗದು. ಸಿಸಿ ದುಡ್ಡನ್ನು ಡ್ರೈಯರ್‌ಗೆ ಹಾಕಿದರೆ ಇನ್ನೂ ಕಷ್ಟ: ಬ್ಯಾಂಕಿಗೆ ಕೊಡುವ ದಾಸ್ತಾನಿನ ಪಟ್ಟಿಗೆ (ಸ್ಟಾಕ್ ಸ್ಟೇಟ್‌ಮೆಂಟ್) ಯಂತ್ರ ಬರುವುದಿಲ್ಲ, ಆ ಪಟ್ಟಿಯ ಮೇಲೆ ತೆಗೆಯಬಹುದಾದ ಮೊತ್ತ (ಡ್ರಾಯಿಂಗ್ ಪವರ್) ಕುಗ್ಗುತ್ತದೆ, ರೈತರ ಲಾರಿ ಬಾಗಿಲಿಗೆ ಬಂದಾಗ ಖಾತೆಯಲ್ಲಿ ಲಿಮಿಟ್ ಇರುವುದಿಲ್ಲ. ಎರಡೂ ಸಾಲವೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರದು.

ಬಾಂಡ್ ಪೇಟೆಯೂ ಹೀಗೇ ಎಂದು ಅರ್ಥಶಾಸ್ತ್ರಜ್ಞ ಕಲ್ಬರ್ಟ್‌ಸನ್ 1957ರಲ್ಲಿ ವಾದಿಸಿದರು. ವಿಮಾ ಕಂಪನಿಗಳು 30-40 ವರ್ಷದ ಪತ್ರ ಹುಡುಕುವುದು ತಮ್ಮ ಪಾಲಿಸಿ ಹೊಣೆ ಅಷ್ಟು ಉದ್ದ ಇರುವುದರಿಂದ. ಬ್ಯಾಂಕುಗಳಿಗೆ ಠೇವಣಿಯ ಶೇ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಪತ್ರಗಳಲ್ಲಿ ಇಡಬೇಕೆಂಬ ಎಸ್‌ಎಲ್‌ಆರ್ ಕಟ್ಟುಪಾಡು ಇದೆ, ಠೇವಣಿಗಳೋ ಬಹುಪಾಲು ಕೆಲವೇ ವರ್ಷದವು. ಮೊಡಿಗ್ಲಿಯಾನಿ ಮತ್ತು ಸಚ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಇದನ್ನು ತಿದ್ದಿದರು: ತಕ್ಕ ಪ್ರತಿಫಲ ಸಿಕ್ಕರೆ ಜನ ತಮ್ಮ ಅವಧಿ ಬಿಟ್ಟು ಪಕ್ಕಕ್ಕೆ ಸರಿದಾರು. ನನಗೆ ಒಪ್ಪಿಗೆಯಾಗುವುದು ಇದೇ.

2019ರ ಡಿಸೆಂಬರ್‌ನಲ್ಲಿ ರೆಪೊ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಮುಖ್ಯ ಬಡ್ಡಿ ದರ) ಶೇ 5.15ರಲ್ಲೇ ಇತ್ತು. ರಿಸರ್ವ್ ಬ್ಯಾಂಕ್ 10 ಸಾವಿರ ಕೋಟಿ ರೂಪಾಯಿಯ ಹತ್ತು ವರ್ಷದ ಬಾಂಡ್ ಕೊಂಡು, ಬೇಗ ತೀರುವ ಪತ್ರಗಳನ್ನು ಮಾರಲು ಹೊರಟಿತು. ಹತ್ತು ವರ್ಷದ ಯೀಲ್ಡ್ ಇಳಿಯಿತು. ನಿರೀಕ್ಷೆಯೊಂದೇ ಕಾರಣವಾಗಿದ್ದರೆ ಯಾವ ಅವಧಿಯ ಪತ್ರ ಕೊಂಡರೇನು?

ಇನ್ನು 2013. ಅದು ರೂಪಾಯಿಗೆ ಜ್ವರ ಬಂದ ಕಾಲ. ಜ್ವರದ ದಿನದ ನಾಡಿ ಹಿಡಿದು ಆಯಸ್ಸು ಹೇಳುವುದು ಬೇಡ. ಅಮೆರಿಕದಲ್ಲಿ 2022ರ ಜುಲೈನಿಂದ ಸುಮಾರು ಎರಡು ವರ್ಷ ಹತ್ತು ವರ್ಷದ ಯೀಲ್ಡ್ ಎರಡು ವರ್ಷದ್ದಕ್ಕಿಂತ ಕೆಳಗಿತ್ತು. ಕರ್ವ್ ಹೀಗೆ ತಲೆಕೆಳಗಾದರೆ ಬರುತ್ತದೆಂದು ಎಲ್ಲರೂ ಕಾದಿದ್ದ ಆರ್ಥಿಕ ಹಿಂಜರಿತ ಆ ಅವಧಿಯಲ್ಲಿ ಬರಲಿಲ್ಲ.

ಕರ್ವ್ ನೋಡಿ ಬಡ್ಡಿ ಇಳಿಯುತ್ತದೆಂದು ಠೇವಣಿದಾರರ ದುಡ್ಡನ್ನು ಉದ್ದದ ಬಾಂಡಿಗೆ ಹಾಕುವ ಸಹಕಾರಿಗಳು ಒಂದು ಲೆಕ್ಕ ಮಾಡಿಕೊಳ್ಳಲಿ. ಶೇ 7 ಕೂಪನ್‌ನ (ನಿಗದಿತ ವಾರ್ಷಿಕ ಬಡ್ಡಿಯ) ಹತ್ತು ವರ್ಷದ ಬಾಂಡನ್ನು 100 ರೂಪಾಯಿಗೆ ಕೊಂಡಮೇಲೆ ಯೀಲ್ಡ್ ಶೇ 8ಕ್ಕೆ ಏರಿದರೆ ಅದರ ಬೆಲೆ 93 ರೂಪಾಯಿ 20 ಪೈಸೆ. ಠೇವಣಿ ವಾಪಸ್ ಕೇಳುವವರಿಗೆ ಕೊಡಬೇಕಾದದ್ದು ಪೂರ್ತಿ ನೂರು.