ಅಮ್ಮನ ನಕ್ಷತ್ರ, ಸುಣ್ಣದ ಉಂಡೆ

ಮೊನ್ನೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಮಹಾವ್ಯಾಧನ, ಅಂದ್ರೆ ಓರಿಯನ್ ನಕ್ಷತ್ರಪುಂಜದ, ಸೊಂಟದ ಮೂರು ನಕ್ಷತ್ರ. ಅದಕ್ಕೆ ತಾಗಿದಂತೆ ಊಟದ ತಟ್ಟೆಯಷ್ಟು ದೊಡ್ಡ ಚಂದ್ರ. ಎಲ್ಲರೂ ಕೈಮುಗಿದಿದ್ದರು. ನಾನು ಸುಮ್ನಿರಲಾರದೆ "ಇದು ಅಂಟಿಸಿದ್ದು" ಅಂದೆ. ಬೈಸಿಕೊಂಡೆ.

ಚಂದ್ರ ಆ ಮೂರರ ಹತ್ತಿರ ಹೋಗುವುದೇ ಇಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಂಥ ಒಂದೂವರೆ ಮುಷ್ಟಿಗಿಂತ ಜಾಸ್ತಿ ದೂರ ಇದ್ದೇ ಇರುತ್ತದೆ. ಅವನ ದಾರಿ ಬೇರೆ. ಕೃತ್ತಿಕೆ, ರೋಹಿಣಿ ದಾಟಿ, ಮಹಾವ್ಯಾಧನ ತಲೆಯ ಆಚೆಯಿಂದ ಹಾದು ಪುನರ್ವಸುವಿಗೆ ಹೋಗುತ್ತಾನೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಬರೆದಿರುವ ನಕ್ಷತ್ರ ಅಂದ್ರೆ ಚಂದ್ರ ಆವತ್ತು ಇರುವ ಜಾಗ, ಅಷ್ಟೇ. ಫೋಟೊ ತೆಗೆಯೋಕೆ ಇದಕ್ಕಿಂತ ಒಳ್ಳೇ ಆ್ಯಪ್ ನನಗಂತೂ ಬೇಕಿಲ್ಲ.

2026ರ ಜನವರಿ 3, ಬನದ ಹುಣ್ಣಿಮೆ. "ಸಂಜೆ ಮೇಲೆ ಪುನರ್ವಸು ಕಣೋ" ಅಂದ್ರು ಅಮ್ಮ. ರಾತ್ರಿ 11ಕ್ಕೆ ಟ್ರೈಪಾಡ್ ಹೊತ್ತು ತಾರಸಿಗೆ ಹೋದೆ. ಚಂದ್ರ, ಗುರು ಗ್ರಹ, ಪುನರ್ವಸುವಿನ ಜೋಡಿ ನಕ್ಷತ್ರ, ನಾಲ್ಕೂ 50 ಎಂಎಂ ಲೆನ್ಸಿನ ಒಂದೇ ಫ್ರೇಮಿನಲ್ಲಿ!

ಪೇಚಾಟ ಶುರುವಾಗುವುದೇ ಇಲ್ಲಿ. ಚಂದ್ರನ ಕಲೆ ಕಾಣಲು ಎಫ್/8 (ಲೆನ್ಸಿನ ಕಿಂಡಿ), ಐಎಸ್‌ಒ 100 (ಬೆಳಕಿನ ಸೂಕ್ಷ್ಮತೆ), 1/200 ಸೆಕೆಂಡ್ (ಬೆಳಕು ಒಳಬಿಡುವ ಹೊತ್ತು) ಸಾಕು. ಬಿಸಿಲು ಬಿದ್ದ ಬಂಡೆ ತಾನೇ ಅದು? ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ನಕ್ಷತ್ರ ನಾಪತ್ತೆ. ನಕ್ಷತ್ರ ಬರಲಿ ಅಂತ 2 ಸೆಕೆಂಡ್ ಕೊಟ್ಟರೆ ಚಂದ್ರ ಸುಣ್ಣದ ಉಂಡೆ. ಬೇರೆ ಬೇರೆ ತೆಗೆದು ಜೋಡಿಸುವುದು ತಪ್ಪೇನಲ್ಲ, ಜೋಡಿಸಿದ್ದು ಅಂತ ಹೇಳಿಬಿಡಬೇಕು. ನನಗೆ ಮಾತ್ರ ಸುಣ್ಣದ ಉಂಡೆಯೇ ಇಷ್ಟ. ಚಂದ್ರನ ಗುಂಡಿಗಳ ಫೋಟೊ ಬೇಕಾದಷ್ಟು ಸಿಗುತ್ತವೆ. ಆವತ್ತು ಅವನು ಯಾರ ಪಕ್ಕ ಇದ್ದ ಅನ್ನೋದು ನನಗೆ ಮುಖ್ಯ.

ಲೆನ್ಸ್ ಮೇಲೆ ಇಬ್ಬನಿ ಕೂತಿತು. ಅಂಗಿ ತುದಿಯಲ್ಲಿ ಒರೆಸಿ ಇನ್ನಷ್ಟು ಕೆಡಿಸಿಕೊಂಡೆ. ಅಷ್ಟೊತ್ತಿಗೆ ಅಮ್ಮ ಶಾಲು ಹೊದ್ದು ಮೇಲೆ ಬಂದರು. ಕ್ಯಾಮೆರಾ ಪರದೆ ನೋಡಿದರು, ಆಕಾಶ ನೋಡಿದರು, ಮತ್ತೆ ಪರದೆ ನೋಡಿದರು.

"ಪುನರ್ವಸು ಅಂದ್ರೆ ಇವೆರಡಾ?"

"ಹೂಂ."

"ನಂದು ಅದೇ ನಕ್ಷತ್ರ ಅಲ್ವೇನೋ! ಇಷ್ಟು ವರ್ಷ ಅರ್ಚನೆಗೆ ಹೇಳಿದ್ದೇ ಬಂತು."

ಈಗ ಅಮ್ಮನ ಡಿಪಿಯಲ್ಲಿ ಸುಣ್ಣದ ಉಂಡೆ ಇದೆ. ಗುರು ಮಾತ್ರ ಕ್ರಾಪ್ ಆಗಿ ಹೋಗಿದ್ದಾನೆ.