ಆಮೆಗೆ ಬೇಜಾರಾಯಿತು

ಮಕ್ಕಳಿಗಾಗಿ ಒಂದು ಕಥೆ ಬರೆದೆ. ತಪ್ಪು ನನ್ನದೇ, ಸುಮ್ನೆ ಇರಬಹುದಿತ್ತು.

ದೊಡ್ಡ ಕಥೆಯೇನಲ್ಲ. ಒಂದು ಆಮೆ ಬೆಳಿಗ್ಗೆ ಕಣ್ಣು ಬಿಟ್ಟು ನೋಡಿದರೆ ರಾತ್ರಿ ಇದ್ದ ಕೊಳ ಈಗ ಇಲ್ಲ. 'ಆಮೆ ಕಕ್ಕಾಬಿಕ್ಕಿಯಾಗಿ ನಿಂತಿತು' ಅಂತ ಬರೆದಿದ್ದೆ. ಆಮೇಲೆ ಅದು ಕೊಳ ಹುಡುಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ಕಪ್ಪೆ ಗೊಣಗುತ್ತದೆ, ಕೊಕ್ಕರೆ ಲೊಚಗುಟ್ಟುತ್ತದೆ, ನರಿ ಪಿಸುಗುಟ್ಟುತ್ತದೆ, ಮುದಿ ಕರಡಿ ಗದರುತ್ತದೆ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಅಂತ ಬರೆದದ್ದು. ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಹದಿನೈದು ದಿನ ಬಿಟ್ಟು ಸಂಪಾದಕರ ಫೋನ್ ಬಂತು.

"ಸರ್, ಕಥೆ ತುಂಬಾ ಚೆನ್ನಾಗಿದೆ. ಆದ್ರೆ ನಿಮ್ಮ ಆಮೆ ಮೂರನೇ ಹಂತದಲ್ಲಿದೆ."

"ಕೊಳ ಹುಡುಕ್ತಾ ಇದೆಯಲ್ಲ, ಅಲ್ಲೇ ಎಲ್ಲೋ ಇರಬೇಕು" ಅಂದೆ.

ಅವರು ನಗಲಿಲ್ಲ. ಅವರ ಹತ್ತಿರ ಒಂದು ಸಾಫ್ಟ್‌ವೇರ್ ಇದೆಯಂತೆ. ಕಥೆಯನ್ನು ಅದಕ್ಕೆ ಉಣಿಸಿದರೆ ಪ್ರತಿ ಪದಕ್ಕೂ ಬಣ್ಣ ಬಳಿದು ಕೊಡುತ್ತದಂತೆ. ಹಸಿರು ಅಂದರೆ ಮಗುವಿಗೆ ಗೊತ್ತು. ಹಳದಿ ಅಂದರೆ ಗೊತ್ತಿರಬಹುದು. ಕೆಂಪು ಅಂದರೆ ಗೊತ್ತಿಲ್ಲ, ಅದೇ ಮೂರನೇ ಹಂತ. ಸಂಜೆ ನನ್ನ ಕಥೆ ಮೇಲ್‌ನಲ್ಲಿ ವಾಪಸ್ ಬಂತು. ನೋಡಿದರೆ ದಡಾರ ಎದ್ದ ಮಗುವಿನ ಹಾಗಿತ್ತು.

ಮತ್ತೆ ಫೋನ್ ಮಾಡಿದೆ. "ಗೊತ್ತಿಲ್ಲದ ಪದ ಕಥೆಯಲ್ಲಿ ಇರಲೇಬಾರದಾ?"

"ಇದ್ರೆ ಮಗು ಪುಸ್ತಕ ಮುಚ್ಚಿಡುತ್ತೆ ಸರ್."

"ಹಾಗಾದ್ರೆ ಹೊಸ ಪದ ಕಲಿಯೋದು ಯಾವಾಗ?"

"ಅದಕ್ಕೆ ನಮ್ಮದೇ ಬೇರೆ ಪುಸ್ತಕ ಇದೆ ಸರ್."

ಈ ಬೇರೆ ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಮೆಯ ಗತಿ ಕೇಳಿ.

ಕಕ್ಕಾಬಿಕ್ಕಿ ಕೆಂಪು. ಅದನ್ನು ತೆಗೆದು 'ಆಮೆಗೆ ಬೇಜಾರಾಯಿತು' ಅಂತ ಮಾಡಿದ್ದರು. ಮುಂದೆ ನರಿ ಪೆಚ್ಚಾಗುವ ಜಾಗದಲ್ಲಿ ನರಿಗೂ ಬೇಜಾರಾಯಿತು. ಕಪ್ಪೆ ಹೆದರಿ ನಡುಗುವ ಜಾಗದಲ್ಲಿ ಕಪ್ಪೆಗೂ ಬೇಜಾರಾಯಿತು. ಎಣಿಸಿದೆ, ಒಟ್ಟು 11 ಬೇಜಾರು. ಮನೆಮಠ ಕಳೆದುಕೊಂಡ ಆಮೆಗೂ ಟೊಪ್ಪಿ ಹಾಕಿಸಿಕೊಂಡ ನರಿಗೂ ಒಂದೇ ಬೇಜಾರು.

ಇನ್ನು ಮಾತು. ಗೊಣಗಿತು ಹೋಗಿ 'ಹೇಳಿತು' ಆಯಿತು. ಲೊಚಗುಟ್ಟಿತು ಹೋಗಿ 'ಹೇಳಿತು'. ಪಿಸುಗುಟ್ಟಿತು, ಗದರಿತು, ತಡವರಿಸಿತು, ಎಲ್ಲ 'ಹೇಳಿತು'. ಕಪ್ಪೆ ಹೇಳಿತು, ಕೊಕ್ಕರೆ ಹೇಳಿತು, ನರಿ ಹೇಳಿತು, ಕರಡಿ ಹೇಳಿತು. ಓದಿದರೆ ಕಾಡಿನಲ್ಲಿ ಪತ್ರಿಕಾಗೋಷ್ಠಿ ನಡೆಯುತ್ತಿದೆ ಅನ್ನಿಸುತ್ತದೆ. ನರಿ ಗುಟ್ಟು ಹೇಳುವಾಗಲೂ ಮೈಕ್ ಮುಂದೆ ನಿಂತೇ ಹೇಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ಕಕ್ಕಾಬಿಕ್ಕಿ' ಅನ್ನುವ ಪದವನ್ನು ಒಮ್ಮೆ ಮಗುವಿನ ಮುಂದೆ ಜೋರಾಗಿ ಹೇಳಿ ನೋಡಿ. ಅರ್ಥ ಕೇಳುವ ಮೊದಲೇ ಅದು ನಗುತ್ತದೆ. ಆಮೇಲೆ ಮನೆಯಲ್ಲಿ ಅರ್ಧ ದಿನ ಅದೇ ಪದ ಓಡಾಡುತ್ತದೆ. ಐದು ವರ್ಷದ ಮಗು ಟೈರನೋಸಾರಸ್ ಅನ್ನುತ್ತದೆ, ಪ್ಯಾಕಿಸೆಫಲೋಸಾರಸ್ ಅನ್ನುತ್ತದೆ, ಪಕ್ಕದಲ್ಲಿ ಕೂತ ದೊಡ್ಡವರಿಗೆ ಉಚ್ಚಾರ ತಿದ್ದುತ್ತದೆ. ಅಂಥ ಮಗುವಿಗೆ 'ಗೊಣಗಿತು' ಭಾರವಾಗುತ್ತದಂತೆ.

ಸಂಪಾದಕರ ಬಳಿ ಇನ್ನೊಂದು ಅಸ್ತ್ರ ಇತ್ತು. "ಸರ್, ಡಾಕ್ಟರ್ ಸ್ಯೂಸ್ ಬರೀ 236 ಪದದಲ್ಲಿ ಇಡೀ ಪುಸ್ತಕ ಬರೆದಿದ್ದಾರೆ."

ನಿಜ. ಈ ಅಮೆರಿಕನ್ ಮಕ್ಕಳ ಲೇಖಕರು 1957ರಲ್ಲಿ ತಂದ ಟೋಪಿ ಬೆಕ್ಕಿನ ಪುಸ್ತಕದಲ್ಲಿ ಇರುವುದು 236 ಬೇರೆ ಬೇರೆ ಪದ. 1960ರಲ್ಲಿ ಪಂತ ಕಟ್ಟಿ 50 ಪದದಲ್ಲೇ ಇನ್ನೊಂದು ಬರೆದರು. ಅದರಲ್ಲಿ 49 ಪದಗಳು ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಾಂಶದಲ್ಲಿ ಮುಗಿಯುವಂಥವು. ಆದರೆ ಅದು ಅಕ್ಷರ ಕೂಡಿಸಿ ಓದುವುದನ್ನು ಆಗಷ್ಟೇ ಕಲಿಯುತ್ತಿರುವ ಪುಟಾಣಿಗಳಿಗೆ, ಯಾರ ಸಹಾಯವೂ ಇಲ್ಲದೆ ತಾವೇ ಓದಿಕೊಳ್ಳಲಿ ಅಂತ ಬರೆದದ್ದು. ಆ ವಯಸ್ಸಿನ ಮಗುವಿನ ಕಿವಿಗೆ ಸಾವಿರಾರು ಪದ ಗೊತ್ತಿರುತ್ತವೆ, ಕಣ್ಣಿಗೆ ಮಾತ್ರ ಹೊಸತು. ಅದೇ ಮನುಷ್ಯ ಬೇರೆ ಪುಸ್ತಕಗಳಲ್ಲಿ ಯಾವ ನಿಘಂಟಿನಲ್ಲೂ ಇಲ್ಲದ ಪದಗಳನ್ನು ತಾನೇ ಹುಟ್ಟಿಸಿ ಪುಟದ ತುಂಬ ಚೆಲ್ಲಿದ್ದಾರೆ. ಆ ಪುಸ್ತಕಗಳನ್ನು ಸಾಫ್ಟ್‌ವೇರ್‌ಗೆ ಉಣಿಸಿದರೆ ಕೆಂಪು ಬಣ್ಣ ಖಾಲಿಯಾಗುತ್ತದೆ.

ಇದನ್ನೆಲ್ಲ ಹೇಳಿದೆ. "ಅವರು ದೊಡ್ಡವರು ಸರ್" ಅಂದರು. ಅಂದರೆ ಪದ ಕಮ್ಮಿ ಮಾಡುವುದಕ್ಕೆ ಅವರ ಹೆಸರು ಬೇಕು, ಜಾಸ್ತಿ ಮಾಡುವುದಕ್ಕೆ ಅವರು ದೊಡ್ಡವರು.

ಇಂಗ್ಲೆಂಡಿನ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1909ರಲ್ಲಿ ಮೊಲದ ಮರಿಗಳ ಕಥೆ ಬರೆದರು. ಮೊದಲನೇ ವಾಕ್ಯದಲ್ಲೇ 'ಸೊಪೊರಿಫಿಕ್' ಅಂತ ಇದೆ. ನಿದ್ದೆ ಬರಿಸುವಂಥದ್ದು ಅಂತ ಅರ್ಥ. ಇಂಗ್ಲಿಷ್ ಓದುವ ಎಷ್ಟೋ ದೊಡ್ಡವರಿಗೂ ಅದು ಎಡವುಗಲ್ಲೇ. ಕೆಳಗೆ ಚುಕ್ಕಿ ಹಾಕಿ ಅರ್ಥ ಕೊಟ್ಟಿಲ್ಲ. ಲೆಟಿಸ್ ಎಲೆ ಜಾಸ್ತಿ ತಿಂದರೆ ಹಾಗಾಗುತ್ತದೆ ಅಂತಾರೆ, ನನಗಂತೂ ಆಗಿಲ್ಲ, ಆದರೆ ನಾನು ಮೊಲವಲ್ಲವಲ್ಲ ಅಂತ ಮುಂದೆ ಹೋಗುತ್ತಾರೆ. ಆಮೇಲೆ ಮರಿಗಳು ಎಲೆ ತಿಂದು ಒಂದರ ಪಕ್ಕ ಒಂದು ಮಲಗಿಬಿಡುತ್ತವೆ. ಮಗುವಿಗೆ ಅರ್ಥ ಹೇಳುವ ಕೆಲಸವನ್ನು ಮೊಲಗಳೇ ಮಾಡಿ ಮುಗಿಸಿದವು. ನೂರು ವರ್ಷ ದಾಟಿತು, ಆ ಪದಕ್ಕೆ ಹೆದರಿ ಆ ಪುಸ್ತಕ ಮೂಲೆ ಸೇರಿಲ್ಲ.

1988ರಲ್ಲಿ ಹೇಯ್ಸ್ ಮತ್ತು ಆರೆನ್ಸ್ ಅನ್ನುವ ಇಬ್ಬರು ಸಂಶೋಧಕರು ಇಂಗ್ಲಿಷಿನಲ್ಲಿ ಒಂದು ಲೆಕ್ಕ ತೆಗೆದರು. ಪ್ರತಿ ಸಾವಿರ ಪದಕ್ಕೆ ಅಪರೂಪದ ಪದ ಎಷ್ಟು ಸಿಗುತ್ತವೆ ಅಂತ. ಮಕ್ಕಳ ಪುಸ್ತಕಗಳಲ್ಲಿ ಸುಮಾರು 31. ಕಾಲೇಜು ಮುಗಿಸಿದ ದೊಡ್ಡವರು ತಮ್ಮವರ ಜೊತೆ ಮಾತಾಡುವಾಗ ಸುಮಾರು 17. ಅಂದರೆ ಡಿಗ್ರಿ ಹಿಡಿದವರ ಹರಟೆಗಿಂತ ಮಕ್ಕಳ ಕಥೆಯೇ ಪದದಲ್ಲಿ ಶ್ರೀಮಂತ. ಮಗುವಿಗೆ ಹೊಸ ಪದ ತಾಗದ ಹಾಗೆ ಕಾಪಾಡಬೇಕು ಅಂತಿದ್ದರೆ ದಾರಿ ಸುಲಭ. ಕೈಯಿಂದ ಪುಸ್ತಕ ಕಿತ್ತುಕೊಂಡು ನಮ್ಮ ನಡುವೆ ಕೂರಿಸಿಕೊಂಡರೆ ಸಾಕು. ಈ ಲೆಕ್ಕವನ್ನು ಸಂಪಾದಕರಿಗೆ ಹೇಳಲು ಹೆದರಿಕೆಯಾಯಿತು. ಕಥೆಯನ್ನೂ 17ಕ್ಕೆ ಇಳಿಸಿಕೊಡಿ ಅಂದುಬಿಟ್ಟರೆ?

ಇನ್ನೊಂದು ಲೆಕ್ಕ ಮಾತ್ರ ಬಾಯಿ ತಪ್ಪಿ ಹೇಳಿಬಿಟ್ಟೆ. 1999ರಲ್ಲಿ ಸ್ವಾನ್‌ಬಾರ್ನ್ ಮತ್ತು ಡಿ ಗ್ಲೋಪರ್ ಎಂಬವರು ಅಲ್ಲಿಯವರೆಗೆ ನಡೆದಿದ್ದ 20 ಪ್ರಯೋಗಗಳನ್ನು ಕೂಡಿಸಿ ನೋಡಿದ್ದರು. ಸುಮ್ನೆ ಓದುತ್ತಾ ಹೋದಾಗ ಎದುರಾಗುವ ಗೊತ್ತಿಲ್ಲದ ಪದಗಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ದಕ್ಕುತ್ತವೆ. ಯಾರೂ ಕಲಿಸದೆ, ಯಾರೂ ಕೇಳದೆ.

"ಉಳಿದ 85 ವೇಸ್ಟಾ ಸರ್?"

"ವೇಸ್ಟ್ ಯಾಕೆ? ಇನ್ನೊಂದು ಪುಸ್ತಕದಲ್ಲಿ ಮತ್ತೆ ಸಿಗ್ತಾವೆ. ಮೂರನೇ ಸಲಕ್ಕೋ ಹತ್ತನೇ ಸಲಕ್ಕೋ ಕೂತ್ಕೋತಾವೆ. ಅದಕ್ಕೆ ಕಥೆ ಜಾಸ್ತಿ ಓದಬೇಕು."

"ಅಷ್ಟು ಹೊತ್ತು ಕಾಯೋಕೆ ಪೋಷಕರು ರೆಡಿ ಇಲ್ಲ ಸರ್. ಅವರಿಗೆ ರಿಸಲ್ಟ್ ಬೇಕು."

ರಿಸಲ್ಟ್ ಬೇಕಾದವರಿಗೆ ಇನ್ನೊಂದು ಬಗೆಯ ಕಥೆಪುಸ್ತಕವೂ ಬರುತ್ತದೆ. ಹಿಂದಿನ ರಟ್ಟಿನ ಮೇಲೆ 'ಇದರಲ್ಲಿ 40 ಹೊಸ ಪದಗಳಿವೆ!' ಅಂತ ಇರುತ್ತದೆ, ಟಾನಿಕ್ ಬಾಟಲಿಯ ಮೇಲೆ ವಿಟಮಿನ್ ಪಟ್ಟಿ ಇದ್ದ ಹಾಗೆ. ಒಳಗೆ ಆ ನಲವತ್ತೂ ದಪ್ಪ ಅಕ್ಷರದಲ್ಲಿ. ಎಲ್ಲ ಪದಗಳನ್ನೂ ಹೇಗಾದರೂ ತುರುಕಬೇಕಲ್ಲ, ಹಾಗಾಗಿ ಇಲಿಮರಿ ಅಮ್ಮನಿಗೆ "ನಾನು ಹಸಿವಿನಿಂದ ಪರಿತಪಿಸುತ್ತಿದ್ದೇನೆ" ಅನ್ನುತ್ತದೆ. ಒಂದು ಕಪಾಟಿನಲ್ಲಿ ಪದ ತೆಗೆದ ಕಥೆ, ಪಕ್ಕದ ಕಪಾಟಿನಲ್ಲಿ ಕಥೆ ತೆಗೆದ ಪದ. ಎರಡನ್ನೂ ಕೊಂಡರೆ ರಿಯಾಯಿತಿ.

ಅಕ್ಕನ ಮನೆಯಲ್ಲಿ ಈ ನಲವತ್ತು ಪದದ ಪುಸ್ತಕ ಒಂದಿದೆ. ರಾತ್ರಿ ಮಲಗುವ ಮುಂಚೆ ಭಾವ ಮಗಳಿಗೆ ಓದಿ ಹೇಳುತ್ತಾರೆ. ಹೋದ ವಾರ ಪಕ್ಕದಲ್ಲೇ ಕೂತು ಕೇಳಿದೆ.

"ಹುಲಿ ಪೊದೆಯ ಹಿಂದೆ ಹೊಂಚು ಹಾಕಿ ಕೂತಿತ್ತು. ಪುಟ್ಟಿ, ಹೊಂಚು ಅಂದ್ರೆ?"

"ಬಚ್ಚಿಟ್ಕೊಂಡು ಕಾಯೋದು. ಮುಂದೆ ಓದಿ ಅಪ್ಪ."

"ಒಂದು ವಾಕ್ಯ ಮಾಡು ನೋಡೋಣ."

"ಹುಲಿ ಹೊಂಚು ಹಾಕಿತು."

"ಬೇರೆ ವಾಕ್ಯ. ವಿರುದ್ಧ ಪದ ಏನು?"

ಹೊಂಚಿಗೆ ವಿರುದ್ಧ ಪದ ನನಗೂ ಹೊಳೆಯಲಿಲ್ಲ. ಭಾವ ಪುಸ್ತಕದ ಕೊನೆಯ ಪುಟ ತಿರುವಿದರು. ಅಷ್ಟೊತ್ತೂ ಹುಲಿ ಪೊದೆಯ ಹಿಂದೆಯೇ. ಜಿಂಕೆ ನೀರು ಕುಡಿದು, ಮೈ ಕೊಡವಿ, ಬಹುಶಃ ಮನೆಗೂ ಹೋಗಿತ್ತು. "ಅಪ್ಪ, ಹುಲಿ ಹಾರುತ್ತಾ ಇಲ್ವಾ?" ಅಂದಳು ಪುಟ್ಟಿ. "ಮೊದಲು ಪೊದೆಗೆ ಸಮಾನಾರ್ಥಕ ಪದ ಹೇಳು" ಅಂದರು. ಹುಲಿ ಹಾರುವ ಹೊತ್ತಿಗೆ ಹುಡುಗಿ ನಿದ್ದೆ ಹೋಗಿದ್ದಳು. ಪಾಟರ್ ಅವರ ಆ ಪದ ಆಗ ನೆನಪಾಯಿತು. ಲೆಟಿಸ್ ಎಲೆ ಬೇಕೇ ಇರಲಿಲ್ಲ.

ಭಾವನನ್ನು ಬೈಯುವುದಕ್ಕೂ ಮನಸ್ಸಾಗಲಿಲ್ಲ. ಕಥೆಯ ನಡುವೆ ಒಂದು ಪದಕ್ಕೆ ಅರ್ಥ ಹೇಳುವುದು ತಪ್ಪಲ್ಲ, ಎಲ್ಲ ಮನೆಯಲ್ಲೂ ಹೇಳುತ್ತಾರೆ. "ಅಂದ್ರೆ ಕದ್ದು ಕಾಯೋದು" ಅಂತ ದನಿ ತಗ್ಗಿಸಿ ಹೇಳಿ ಮುಂದಿನ ಸಾಲಿಗೆ ಹೋದರೆ ಹುಲಿಗೂ ತೊಂದರೆಯಿಲ್ಲ. ಆದರೆ ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು ಕಥೆ ಹೇಳುವವರ ಮುಂದೆ ಯಾವ ಹುಲಿ ತಾನೇ ಹಾರುತ್ತದೆ?

ಇ. ಬಿ. ವೈಟ್ 1952ರಲ್ಲಿ ಬರೆದ 'ಷಾರ್ಲಟ್ಸ್ ವೆಬ್' ಕಾದಂಬರಿಯಲ್ಲಿ ಒಂದು ಜೇಡ ಹಂದಿಮರಿಯ ಜೀವ ಉಳಿಸಲು ಬಲೆಯಲ್ಲಿ ಪದಗಳನ್ನು ನೇಯುತ್ತದೆ. ಪದ ಹುಡುಕಿ ತರುವ ಕೆಲಸ ಇಲಿಯದು. ಅದು ಕಸದ ರಾಶಿಯಿಂದ ಹರಿದ ಜಾಹೀರಾತು, ಬಟ್ಟೆಯ ಚೀಟಿ, ಸಿಕ್ಕಿದ್ದನ್ನೆಲ್ಲ ಕಚ್ಚಿಕೊಂಡು ಬರುತ್ತದೆ. 'ಕುರುಕುರು' ಅನ್ನುವ ಅರ್ಥದ ಪದ ತಂದಾಗ ಜೇಡ ಬೇಡವೇ ಬೇಡ ಅನ್ನುತ್ತದೆ. ಹಂದಿಯನ್ನು ಉಳಿಸಬೇಕಾದ ಜಾಗದಲ್ಲಿ ತಿನ್ನುವ ನೆನಪು ಬರಬಾರದಲ್ಲ. ಕೊನೆಗೆ ಸೋಪಿನ ಪುಡಿಯ ಡಬ್ಬಿಯಿಂದ 'ಥಳಥಳಿಸುವ' ಅನ್ನುವಂಥ ಪದ ಸಿಗುತ್ತದೆ. ಅದನ್ನೂ ಜೇಡ ಹಾಗೇ ನೇಯುವುದಿಲ್ಲ. ಎಲ್ಲಿ, ಓಡು, ಕುಣಿ, ಪದ ಹೊಂದುತ್ತದಾ ನೋಡೋಣ ಅಂತ ಹಂದಿಮರಿಯನ್ನು ಕುಣಿಸುತ್ತದೆ. ಆ ಪುಟ ಓದಿದ ಮಗು ಆ ಪದವನ್ನು ಮರೆಯುವುದು ಕಷ್ಟ.

ನಮ್ಮಲ್ಲಿ ಇಲಿಗಳಿಗೇನೂ ಬರವಿಲ್ಲ. ಪಟ್ಟಿ ಕಚ್ಚಿಕೊಂಡು ಬರುತ್ತಲೇ ಇರುತ್ತವೆ. ಜೇಡನ ಹುದ್ದೆ ಮಾತ್ರ ಖಾಲಿ.

ಈಗ ಆ ಬೇರೆ ಪುಸ್ತಕ. ನನ್ನ ಕಥೆ ಅಚ್ಚಾಯಿತು, 11 ಬೇಜಾರುಗಳ ಸಮೇತ. ಹೌದು, ಒಪ್ಪಿಕೊಂಡೆ, ಬರೆಯುವವನಿಗೂ ಆಸೆ ಇರುತ್ತದೆ. ಜೊತೆಗೆ ಅದಕ್ಕೆಂದೇ ಮಾಡಿದ ಪದಾಭ್ಯಾಸದ ಪುಸ್ತಕವೂ ಬಂತು. ಕಥೆಗಿಂತ ಎರಡು ಪಟ್ಟು ದಪ್ಪ. ನನ್ನ ಕಥೆಯಿಂದ ತೆಗೆದ ಕೆಂಪು ಪದಗಳೆಲ್ಲ ಅದರಲ್ಲಿ ಸಾಲಾಗಿ ನಿಂತಿದ್ದವು, ಅರ್ಥದ ಸಮೇತ. ಗೊಣಗು ಅಂದರೆ 'ಅಸ್ಪಷ್ಟ ಧ್ವನಿಯಲ್ಲಿ ಅಸಮಾಧಾನ ವ್ಯಕ್ತಪಡಿಸು'. ಕಕ್ಕಾಬಿಕ್ಕಿ ಅಂದರೆ 'ಕಿಂಕರ್ತವ್ಯಮೂಢತೆ'. ಇದಕ್ಕೆ ಅರ್ಥ ಹೇಳುವ ಪುಸ್ತಕವೂ ತಯಾರಾಗುತ್ತಿರಬೇಕು.

ಎರಡನ್ನೂ ಪುಟ್ಟಿಗೆ ಕೊಟ್ಟಿದ್ದೆ. ಭಾನುವಾರ ಹೋದಾಗ ಪದಾಭ್ಯಾಸದ ಪುಸ್ತಕ ಹಿಡಿದುಕೊಂಡು ಬಂದಳು. ಮುಖ ಊದಿತ್ತು.

ಬಿಟ್ಟ ಸ್ಥಳ ತುಂಬುವ ಪುಟ. ಮೂರನೇ ಪ್ರಶ್ನೆ: 'ಕೊಳ ಕಾಣದೆ ಆಮೆಯು _______ ಆಯಿತು.' ಪುಟ್ಟಿ ದುಂಡಗೆ 'ಬೇಜಾರು' ಅಂತ ಬರೆದಿದ್ದಳು. ಅಕ್ಕ ಉತ್ತರದ ಪುಟ ನೋಡಿ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ 'ಕಕ್ಕಾಬಿಕ್ಕಿ' ಅಂತ ಬರೆದಿದ್ದಳು.

"ಮಾಮ, ಕಥೇಲಿ ಬೇಜಾರು ಅಂತಾನೇ ಇದೆ ತಾನೆ? ನೀವೇ ಬರ್ದಿದ್ದು ತಾನೆ? ಮತ್ತೆ ನಂದು ಹೇಗೆ ತಪ್ಪು?"

ಅಕ್ಕ ಕೂಡ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನನ್ನ ಸ್ಥಿತಿ ಏನಾಗಿತ್ತು ಅಂತ ಹೇಳಲು ಸರಿಯಾದ ಪದ ನನಗೆ ಗೊತ್ತು. ಆದರೆ ಅದು ಮೂರನೇ ಹಂತದ್ದು.